ಸಿಇಓ ಬ್ಲಾಗನ್ನ ಸಿಇಓನೇ ಬರೀಬೇಕಾ, ಇಲ್ಲಾ ನಮ್ಮಂಥೋರು ಬರ್ಕೊಟ್ರೆ ನಡೆಯುತ್ತಾ?

ಕಾಗದದೋಣಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಒಂದು ಕಂಪನಿಯ ಕಮ್ಯುನಿಕೇಷನ್ ಟೀಮಲ್ಲಿ ಇದೀನಿ, ಆರು ವರ್ಷ ಆಯ್ತು. ನಮ್ ಸಿಇಓ ಹೆಸರಲ್ಲಿ ಏನೇನು ಹೊರಗೆ ಹೋಗುತ್ತೋ, ಬ್ಲಾಗು, ಉದ್ಯೋಗಿಗಳಿಗೆ ಪತ್ರ, ಹೊಸ ವರ್ಷದ ಸಂದೇಶ, ಅದೆಲ್ಲಾ ಬರೆಯೋದು ನಾನೇ. ಅವರು ಒಂದ್ಸಲ ಕಣ್ಣಾಡಿಸ್ತಾರೆ, ಓಕೆ ಅಂತಾರೆ, ಹೋಗುತ್ತೆ. ಇಷ್ಟು ದಿನ ನನಗೆ ಇದ್ರಲ್ಲಿ ಏನೂ ತಪ್ಪು ಕಂಡಿರ್ಲಿಲ್ಲ, ಕೆಲಸ ಅಂದ್ರೆ ಕೆಲಸ.

ಕಳೆದ ತಿಂಗಳು ಲೇಆಫ್ ಆಯ್ತು. ಆ ಪತ್ರನೂ ನಾನೇ ಬರೆದೆ. ಕೊನೇ ಪ್ಯಾರಾದಲ್ಲಿ, ನಿಮ್ಮಲ್ಲಿ ಎಷ್ಟೋ ಜನ ಮನೆಯವರ ಜೊತೆ ಇರಬೇಕಾಗಿದ್ದ ಸಂಜೆಗಳನ್ನ ಈ ಕಂಪನಿಗೆ ಕೊಟ್ಟಿದೀರಿ, ಅದು ನನಗೆ ಗೊತ್ತು ಅಂತ ಒಂದು ಸಾಲು ಹಾಕಿದ್ದೆ. ಅವರು ಡ್ರಾಫ್ಟ್ ಓಪನ್ ಮಾಡಿದ್ದೇ ಕಳಿಸೋಕೆ ಹತ್ತು ನಿಮಿಷ ಮುಂಚೆ. ಮಾರನೇ ದಿನ ಕೆಲಸ ಕಳ್ಕೊಂಡ ಒಬ್ಬರಿಂದ ಉತ್ತರ ಬಂತು, ಸಿಇಓ ಹೆಸರಿನ ಆ ಮೇಲ್‌ಬಾಕ್ಸ್ ನೋಡೋದೂ ನಾನೇ. "ಸರ್, ಆ ಸಂಜೆಗಳ ಬಗ್ಗೆ ಬರೆದ್ರಲ್ಲ, ನೀವು ನಮ್ಮನ್ನ ಗಮನಿಸಿದ್ರಿ ಅಂತ ಗೊತ್ತಾಗಿ ಸಮಾಧಾನ ಆಯ್ತು" ಅಂತ ಬರೆದಿದ್ರು. ಅದನ್ನ ಓದಿ ಕೈಕಾಲೇ ಆಡ್ಲಿಲ್ಲ ನನಗೆ. ಗಮನಿಸಿದ್ದು ಅವರಲ್ಲ, ನಾನು. ಆ ಮೇಲ್‌ಗೆ ಇವತ್ತಿಗೂ ಉತ್ತರ ಕೊಟ್ಟಿಲ್ಲ, ಯಾರ ಹೆಸರಲ್ಲಿ ಕೊಡ್ಲಿ ಹೇಳಿ.

ಈಗ ತಿಂಗಳಿಗೆ ಎರಡು ಬ್ಲಾಗ್ ಬೇಕು ಅಂತಿದಾರೆ, "ಸಿಇಓ ಮನದ ಮಾತು" ಅಂತ. ಅವರು ಕೆಟ್ಟವರಲ್ಲ, ಎದುರಿಗೆ ಕೂತ್ರೆ ತುಂಬಾ ಚೆನ್ನಾಗಿ ಮಾತಾಡ್ತಾರೆ. ಬರೆಯೋದು ನನ್ನ ಕೈಲಿ ಆಗಲ್ಲಮ್ಮ ಅಂತಾರೆ ಅಷ್ಟೇ. ನೀವೇ ಬರೀರಿ ಸರ್ ಅಂತ ನಾನು ಪಟ್ಟು ಹಿಡೀಬೇಕಾ?

ಎರಡುಸಲಓದು:
ಮೇಡಂ, ನಿಮ್ಮ ಸಂಕಟ ಅರ್ಥ ಆಗುತ್ತೆ, ಆದ್ರೂ ಬೇಡ ಅಂತೀನಿ. ನಾನು ಕಂಪನಿ ಕಾನೂನು ಕಡೆಯವನು. ಷೇರು ಮಾರ್ಕೆಟ್‌ನಲ್ಲಿ ಲಿಸ್ಟ್ ಆಗಿರೋ ಕಂಪನಿಯ ಸಿಇಓ ಬರೆಯೋ ಒಂದೊಂದು ಸಾಲಿಗೂ ಬೆಲೆ ತೆರಬೇಕಾಗುತ್ತೆ. 2018 ಆಗಸ್ಟಲ್ಲಿ ಎಲಾನ್ ಮಸ್ಕ್ ಟೆಸ್ಲಾನ ಷೇರಿಗೆ 420 ಡಾಲರ್‌ನಂತೆ ಪ್ರೈವೇಟ್ ಮಾಡೋ, ಅಂದ್ರೆ ಷೇರು ಮಾರ್ಕೆಟಿಂದ ಹೊರಗೆ ತರೋ ಯೋಚನೆ ಇದೆ, ದುಡ್ಡಿನ ವ್ಯವಸ್ಥೆ ಆಗಿದೆ ಅಂತ ಒಂದು ಟ್ವೀಟ್ ಹಾಕಿದ್ರು. ಅಮೆರಿಕದ ಷೇರು ಮಾರ್ಕೆಟ್ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಎಸ್‌ಇಸಿ ಕೇಸ್ ಹಾಕಿ ಕೊನೆಗೆ ಇತ್ಯರ್ಥ ಆದಾಗ ಮಸ್ಕ್ 2 ಕೋಟಿ ಡಾಲರ್, ಕಂಪನಿ 2 ಕೋಟಿ ಡಾಲರ್ ದಂಡ ಕಟ್ಟಬೇಕಾಯ್ತು, ಚೇರ್ಮನ್ ಕುರ್ಚಿನೂ ಬಿಡಬೇಕಾಯ್ತು. ಒಂದೇ ಒಂದು ಟ್ವೀಟಿಗೆ!

ಅದೇನೋ ದೊಡ್ಡ ವಿಷಯ ಅನ್ನಬಹುದು, ಸಣ್ಣದೂ ಇದೆ. 2012 ಜುಲೈಲಿ ನೆಟ್‌ಫ್ಲಿಕ್ಸ್‌ನ ಆಗಿನ ಸಿಇಓ ರೀಡ್ ಹೇಸ್ಟಿಂಗ್ಸ್ ತಮ್ಮ ಫೇಸ್‌ಬುಕ್ ಪೇಜಲ್ಲಿ, ಒಂದೇ ತಿಂಗಳಲ್ಲಿ ಜನ 100 ಕೋಟಿ ಗಂಟೆಗೂ ಜಾಸ್ತಿ ನೋಡಿದಾರೆ ಅಂತ ಖುಷಿಯಿಂದ ಹಾಕಿದ್ದಕ್ಕೇ ತನಿಖೆ ಆಯ್ತು, ಯಾಕಂದ್ರೆ ಆ ಮಾಹಿತಿ ಎಲ್ಲಾ ಹೂಡಿಕೆದಾರರಿಗೂ ಒಂದೇ ಸಲ ಸಿಕ್ಕಿಲ್ಲ ಅನ್ನೋದು ಪ್ರಶ್ನೆ. 2013 ಏಪ್ರಿಲ್‌ನಲ್ಲಿ ಎಸ್‌ಇಸಿ, ಸೋಷಿಯಲ್ ಮೀಡಿಯಾ ಬಳಸಿ, ಆದ್ರೆ ಯಾವ ಜಾಗದಲ್ಲಿ ಹೇಳ್ತೀವಿ ಅಂತ ಹೂಡಿಕೆದಾರರಿಗೆ ಮೊದಲೇ ತಿಳಿಸಿ ಅಂತ ಸ್ಪಷ್ಟ ಮಾಡ್ತು. ಹೇಸ್ಟಿಂಗ್ಸ್ ಮೇಲೆ ಕ್ರಮ ತಗೊಳ್ಳಲಿಲ್ಲ. ಅದಕ್ಕೇ ಹೇಳೋದು, ಬರೆಯೋ ಕೈ ಬೇರೆ, ನೋಡೋ ಕಣ್ಣು ಬೇರೆ ಇದ್ರೆ ಎಲ್ಲರಿಗೂ ಕ್ಷೇಮ.

ನೇರಮಾತು:
ಎರಡುಸಲಓದು ಸರ್, ನೀವು ಹೇಳಿದ್ದು ಬೇರೆಯವರು ನೋಡ್ಬೇಕು ಅನ್ನೋದಕ್ಕೆ ಕಾರಣ ಆಯ್ತು, ಬೇರೆಯವರು ಬರೀಬೇಕು ಅನ್ನೋದಕ್ಕೆ ಹೇಗಾಯ್ತು? ಲಾಯರ್ ನೋಡ್ಲಿ ಬಿಡಿ, ಯಾರು ಬೇಡ ಅಂದ್ರು.

ನೀವು ಹೇಳಿದ ಅದೇ ಕಾನೂನಿನ ವಿಷಯನ ಬ್ಲಾಗಿಂದಲೇ ಎತ್ತಿದ ಒಬ್ಬ ಸಿಇಓ ಇದ್ರು, ಸನ್ ಮೈಕ್ರೋಸಿಸ್ಟಮ್ಸ್ ಅನ್ನೋ ಅಮೆರಿಕದ ಕಂಪ್ಯೂಟರ್ ಕಂಪನಿಯ ಜೊನಾಥನ್ ಶ್ವಾರ್ಟ್ಜ್. 2006ರಲ್ಲಿ ಎಸ್‌ಇಸಿ ಅಧ್ಯಕ್ಷ ಕ್ರಿಸ್ಟೋಫರ್ ಕಾಕ್ಸ್‌ಗೆ ಪತ್ರ ಬರೆದು, ನಾನು ನನ್ನ ಬ್ಲಾಗಲ್ಲಿ ಹೇಳಿದ್ರೆ ಜಗತ್ತಿಗೇ ಕಾಣುತ್ತೆ, ಅದನ್ನ ಸಾರ್ವಜನಿಕವಾಗಿ ಹೇಳಿದಂಗೆ ಅಂತ ಯಾಕೆ ಒಪ್ಪಲ್ಲ ಅಂತ ಕೇಳಿದ್ರು. ಕಾಕ್ಸ್ ಉತ್ತರ ಕೊಟ್ಟಿದ್ದು ಎಲ್ಲಿ ಅಂತೀರಿ, ಅದೇ ಬ್ಲಾಗಿನ ಕಾಮೆಂಟಲ್ಲಿ! 2008ರಲ್ಲಿ ಎಸ್‌ಇಸಿ ಕಂಪನಿ ವೆಬ್‌ಸೈಟುಗಳ ಬಗ್ಗೆ ಮಾರ್ಗಸೂಚಿನೂ ತಂತು. ಸನ್ ಕಂಪನಿ ಉಳೀಲಿಲ್ಲ, ಒರಾಕಲ್ ಕೊಂಡ್ಕೊಳ್ತು, ಹಾಗಾಗಿ ಬ್ಲಾಗ್ ಬರೆದ್ರೆ ಕಂಪನಿ ಉದ್ಧಾರ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಆದ್ರೆ ಓದೋನಿಗೆ ಎದುರುಗಡೆ ಒಬ್ಬ ಮನುಷ್ಯ ಇದಾನೆ ಅಂತ ಗೊತ್ತಾಗ್ತಿತ್ತು.

ಮೇಡಂ, ನನಗೆ ನಿಮ್ಮ ಪತ್ರದಲ್ಲಿ ಚುಚ್ಚಿದ್ದು ಆ "ನನಗೆ ಗೊತ್ತು" ಅನ್ನೋ ಮಾತು. ಹೊಸ ಪ್ರಾಡಕ್ಟ್ ಬಂತು ಅಂತ ಯಾರು ಬರೆದ್ರೇನು. ಆದ್ರೆ ನನಗೆ ಗೊತ್ತು, ನನಗೆ ನೋವಾಗಿದೆ, ನನ್ನ ತಪ್ಪು, ಈ ಮಾತುಗಳನ್ನ ಸಾಲ ತರೋಕಾಗಲ್ಲ. ಅಮೆರಿಕದ ದಿನಸಿ ಅಂಗಡಿ ಕಂಪನಿ ಹೋಲ್ ಫುಡ್ಸ್‌ನ ಸಿಇಓ ಆಗಿದ್ದ ಜಾನ್ ಮ್ಯಾಕೀ ಸುಮಾರು ಏಳೆಂಟು ವರ್ಷ ಯಾಹೂ ಫೈನಾನ್ಸ್ ಚರ್ಚೆಗಳಲ್ಲಿ ಸುಳ್ಳು ಹೆಸರಲ್ಲಿ ತಮ್ಮ ಕಂಪನಿನ ಹೊಗಳಿ, ಎದುರಾಳಿ ಕಂಪನಿನ ತೆಗಳಿ ಬರೀತಿದ್ರು, 2007ರಲ್ಲಿ ಬಯಲಾದಾಗ ಜನ ಎಷ್ಟು ಉಗಿದ್ರು. ಅಲ್ಲಿ ಮಾತು ಅವರದ್ದೇ, ಹೆಸರು ಬೇರೆ. ಇಲ್ಲಿ ಹೆಸರು ಅವರದ್ದು, ಮಾತು ನಿಮ್ಮದು. ಮ್ಯಾಕೀದು ಬೇಕಂತ ಮಾಡಿದ್ದು, ನಿಮ್ಮದು ಹಾಗಲ್ಲ, ನಿಜ. ಆದ್ರೆ ನಿಮಗೆ ಮೇಲ್ ಬರೆದವರ ಜಾಗದಲ್ಲಿ ನಾನಿದ್ದು ವಿಷಯ ಗೊತ್ತಾದ್ರೆ ಒಂದೇ ತರ ಮೋಸ ಅನ್ಸುತ್ತೆ ನನಗೆ.

ಬೆಳಗಿನಬಸ್:
ಓದೋರ ಕಡೆಯಿಂದ ಒಂದು ಮಾತು. ನಾವು ಉದ್ಯೋಗಿಗಳು ಪತ್ರದ ಭಾಷೆ ನೋಡೋಕೆ ಮುಂಚೆ ನಿರ್ಧಾರ ನೋಡ್ತೀವಿ. 2011ರಲ್ಲಿ ಇದೇ ಹೇಸ್ಟಿಂಗ್ಸ್ ರೇಟ್ ಜಾಸ್ತಿ ಮಾಡಿ ಗ್ರಾಹಕರ ಸಿಟ್ಟು ಕಟ್ಕೊಂಡಾಗ ಬ್ಲಾಗಲ್ಲಿ ನೇರವಾಗಿ ತಪ್ಪಾಯ್ತು ಅಂತ ಶುರು ಮಾಡಿದ್ರು, ಎಷ್ಟು ಚೆನ್ನಾಗಿತ್ತು ಆ ಶುರು, ಆದ್ರೆ ಅದೇ ಪೋಸ್ಟಲ್ಲಿ ಡಿವಿಡಿ ವ್ಯವಹಾರನ ಕ್ವಿಕ್‌ಸ್ಟರ್ ಅಂತ ಬೇರೆ ಮಾಡ್ತೀವಿ, ಇನ್ಮೇಲೆ ಎರಡು ಸೈಟು ಎರಡು ಅಕೌಂಟು ಅಂತ ಹೇಳಿಬಿಟ್ರು. ಒಂದು ತಿಂಗಳೊಳಗೇ ಅದನ್ನ ಕೈಬಿಡಬೇಕಾಯ್ತು. ಕ್ಷಮೆ ಕೇಳಿದ್ದು ಯಾರಿಗೂ ನೆನಪಿಲ್ಲ, ಕ್ವಿಕ್‌ಸ್ಟರ್ ಮಾತ್ರ ನೆನಪಿದೆ.

ಹಾಗಂತ ಬರೀಬಾರದು ಅಂತಲ್ಲ. ನಮ್ಮ ಹಳೇ ಆಫೀಸಲ್ಲಿ ಬಾಸ್ ನಾಲ್ಕೇ ಸಾಲು ಬರೀತಿದ್ರು, ಕಾಗುಣಿತ ತಪ್ಪು ಇರ್ತಿತ್ತು. ಎಲ್ಲರೂ ಓದ್ತಿದ್ವಿ.

ರೆಕಾರ್ಡರ್‌ಹುಡುಗ:
ಮೇಡಂ, ನಾನು ಹದಿನೈದು ವರ್ಷದಿಂದ ಬೇರೆಯವರಿಗೆ ಬರ್ಕೊಡೋ ಕೆಲಸನೇ ಮಾಡೋದು, ಅದ್ರಲ್ಲಿ ನಾಚಿಕೆ ಪಡೋದು ಏನಿಲ್ಲ. ಬರೆಯೋಕೆ ಬರಲ್ಲ ಅನ್ನೋರ ಕೈಲಿ ಬಲವಂತವಾಗಿ ಬರೆಸಿದ್ರೆ ಕಲ್ಲು ಹಿಂಡಿದ ಹಾಗೆ, ಏನೂ ಬರಲ್ಲ. ಆದ್ರೆ ಅವರು ಚೆನ್ನಾಗಿ ಮಾತಾಡ್ತಾರೆ ಅಂದ್ರಲ್ಲ, ಅಲ್ಲೇ ಇದೆ ದಾರಿ.

ಮ್ಯಾರಿಯಟ್ ಹೋಟೆಲ್‌ಗಳ ಬಿಲ್ ಮ್ಯಾರಿಯಟ್ 2007ರಲ್ಲಿ ಬ್ಲಾಗ್ ಶುರು ಮಾಡಿದಾಗ ಅವರಿಗೆ ಎಪ್ಪತ್ತು ದಾಟಿತ್ತು, ಕಂಪ್ಯೂಟರಲ್ಲಿ ಟೈಪ್ ಮಾಡ್ತಿರ್ಲಿಲ್ಲ. ಅವರು ಹೇಳೋರು, ರೆಕಾರ್ಡ್ ಆಗೋದು, ಟೀಮಿನವರು ಅಕ್ಷರಕ್ಕೆ ಇಳಿಸೋರು. ಟೈಪ್ ಮಾಡಿದ್ದು ಬೇರೆಯವರಾದ್ರೂ ಬ್ಲಾಗ್ ಅವರದ್ದೇ ಅಲ್ವಾ? ಇನ್ನು ಅಮೆರಿಕದ ದೊಡ್ಡ ಹೂಡಿಕೆದಾರ ವಾರೆನ್ ಬಫೆಟ್. ಷೇರುದಾರರಿಗೆ ಅವರು ಬರೀತಿದ್ದ ಪತ್ರನ ದಶಕಗಳ ಕಾಲ ಎಡಿಟ್ ಮಾಡಿದ್ದು ಪತ್ರಕರ್ತೆ ಕ್ಯಾರಲ್ ಲೂಮಿಸ್. ಅದನ್ನ ಬಫೆಟ್ ಮುಚ್ಚಿಡಲಿಲ್ಲ, ಯಾರೂ ತಪ್ಪು ತಿಳೀಲೂ ಇಲ್ಲ, ಯಾಕಂದ್ರೆ ಯೋಚನೆ ಅವರದ್ದು. ಬರೆಯುವಾಗ ತಮ್ಮ ಅಕ್ಕತಂಗಿ ಡೋರಿಸ್, ಬರ್ಟೀ ಜೊತೆ ಮಾತಾಡ್ತಿದೀನಿ ಅಂದ್ಕೋತೀನಿ ಅಂತ ಬಫೆಟ್ ಹೇಳಿದಾರೆ, ಅವರು ಬುದ್ಧಿವಂತರೇ ಆದ್ರೆ ಅಕೌಂಟ್ಸ್ ಪಂಡಿತರಲ್ಲ ಅಂತ. ನಿಮ್ ಸಿಇಓಗೂ ಅಂಥ ಒಬ್ಬರು ಬೇಕು ಎದುರಿಗೆ.

ನಾನು ಮಾಡೋದು ಹೀಗೆ. ಅರ್ಧ ಗಂಟೆ ಕೂರ್ತೀನಿ, ಮಧ್ಯೆ ಫೋನಲ್ಲಿ ರೆಕಾರ್ಡಿಂಗ್ ಆನ್. ಈ ತಿಂಗಳು ಏನು ಬರೆಯೋಣ ಅಂತ ಕೇಳೋದೇ ಇಲ್ಲ, ಕೇಳಿದ್ರೆ ಪ್ರೆಸ್ ನೋಟ್ ತರ ಮಾತಾಡೋಕೆ ಶುರು ಮಾಡ್ತಾರೆ. ಈ ವಾರ ಯಾವ ವಿಷಯಕ್ಕೆ ನಿದ್ದೆ ಬರ್ಲಿಲ್ಲ ಅಂತ ಕೇಳ್ತೀನಿ. ಮೊದಲ ಹತ್ತು ನಿಮಿಷ ಒಣ ಮಾತು ಬರುತ್ತೆ, ಬಿಡಿ, ತಡ್ಕೊಳ್ಳಿ. ಒಂದ್ಸಲ ಒಬ್ಬ ದೊಡ್ಡ ಮನುಷ್ಯರು ಎಲ್ಲಾ ಮುಗೀತು ಅಂತ ಎದ್ದು ಬಾಗಿಲ ಹತ್ರ ಹೋಗಿ, ಹಿಡಿ ಮೇಲೆ ಕೈ ಇಟ್ಕೊಂಡೇ ಹೇಳಿದ್ರು, "ನಾನು ಆ ಟೀಮ್ ಮುಚ್ಚಿಸಿದೆ ನೋಡಿ, ಅವರು ಸರಿ ಹೇಳ್ತಿದ್ರು, ನಾನು ಕೇಳ್ಲಿಲ್ಲ" ಅಂತ. ಅವರನ್ನ ಕೇಳಿ ಒಪ್ಪಿಸಿ ಆ ಸಾಲಿಂದಲೇ ಲೇಖನ ಶುರು ಮಾಡಿದೆ. ಒಂದು ಪದ ಬದಲಾಯಿಸಲಿಲ್ಲ. ನನ್ನದು ಜೋಡಿಸೋ ಕೆಲಸ ಅಷ್ಟೇ, ಅವರು ಬಾಯಲ್ಲಿ ಹೇಳದೇ ಇರೋ ಭಾವನೆ ಒಂದನ್ನೂ ಸೇರಿಸಲ್ಲ, ಇದೊಂದು ವಿಷಯದಲ್ಲಿ ನಾನು ಗಟ್ಟಿ. ಮತ್ತೆ ಕಳಿಸೋ ಮುಂಚೆ ಅವರು ಜೋರಾಗಿ ಓದ್ಬೇಕು. ತಡವರಿಸಿದ ಜಾಗ ಅವರದ್ದಲ್ಲ ಅಂತ ಅರ್ಥ, ತೆಗೀತೀನಿ.

ಲೇಆಫ್, ಕ್ಷಮೆ, ಸಾವಿನ ಸುದ್ದಿ, ಇವು ಮೂರು ನಾನು ಬರೆಯೋದಿಲ್ಲ. ನಾಲ್ಕು ಸಾಲಾದ್ರೂ ಸರಿ, ಸೊಟ್ಟಪಟ್ಟ ಆದ್ರೂ ಸರಿ, ನೀವೇ ಬರ್ಕೊಡಿ ಅಂತೀನಿ.

ಎರಡುಸಲಓದು:
ರೆಕಾರ್ಡರ್‌ಹುಡುಗ ಅವರೇ, ಈ ಪದ್ಧತಿ ನನಗೆ ಒಪ್ಪಿಗೆ. ಒಂದೇ ಸೇರಿಸ್ತೀನಿ, ಲಾಯರ್ ಬರೀ ಸಂಖ್ಯೆ, ಮುಂದಿನ ಲಾಭದ ಅಂದಾಜು, ಇನ್ನೂ ಹೊರಗೆ ಹೇಳದ ವಿಷಯ ಇಷ್ಟನ್ನೇ ನೋಡ್ಲಿ. "ಕ್ಷಮಿಸಿ" ಅನ್ನೋದನ್ನ "ವಿಷಾದವಿದೆ" ಅಂತ ತಿದ್ದೋಕೆ ಬಿಡ್ಬೇಡಿ, ನಮ್ಮವರಿಗೆ ಆ ಚಟ ಜಾಸ್ತಿ.

ಕಾಗದದೋಣಿ:
ಎಲ್ಲರಿಗೂ ಥ್ಯಾಂಕ್ಸ್. ನೇರಮಾತು ಅವರೇ, ನೀವು ಬರೆದಿದ್ದು ಓದಿ ಆ ರಾತ್ರಿ ಬೇಜಾರಾಯ್ತು, ಆದ್ರೆ ಸರಿ ಇತ್ತು.

ನಿನ್ನೆ ಸಿಇಓ ಜೊತೆ ಅರ್ಧ ಗಂಟೆ ಕೂತಿದ್ದೆ. ಮೊದಲು ಆ ಮೇಲ್ ಪ್ರಿಂಟ್ ತೆಗೆದು ಅವರ ಮುಂದೆ ಇಟ್ಟೆ. ಓದಿದ್ರು. ಯಾವ ಸಾಲು ಅಂತ ಕೇಳಿದ್ರು, ಅವರಿಗೆ ನೆನಪೇ ಇರ್ಲಿಲ್ಲ. ತೋರಿಸಿದೆ. ತುಂಬಾ ಹೊತ್ತು ಸುಮ್ನೆ ಕೂತಿದ್ರು, ರೆಕಾರ್ಡಿಂಗಲ್ಲಿ ಏನೂ ಇಲ್ಲ, ಫ್ಯಾನ್ ಸದ್ದು ಅಷ್ಟೇ. ಆಮೇಲೆ ಇವರ ಫೋನ್ ನಂಬರ್ ಇದೆಯಾ ಅಂದ್ರು.

ಬ್ಲಾಗ್ ವಿಷಯ ಶುಕ್ರವಾರಕ್ಕೆ ಹೋಯ್ತು. ಆ ಮೇಲ್‌ಬಾಕ್ಸಿನ ಪಾಸ್‌ವರ್ಡ್ ಮಾತ್ರ ಇವತ್ತು ಬೆಳಗ್ಗೆ ಅವರಿಗೇ ಕೊಟ್ಟು ಬಂದೆ.