ಬ್ಲಾಂಕೆಟ್ ಹಾಕಿದರೂ ಮೊದಲ ಗಂಟೆಯಲ್ಲೇ ಟೆಂಪರೇಚರ್ ಇಳಿಯೋದೇಕೆ?

ಓಟಿ ಟೆಕ್ನೀಷಿಯನ್:
ಜನರಲ್ ಅನಸ್ತೇಷಿಯಾ ಕೊಟ್ಟು ಮಾಡೋ ದೊಡ್ಡ ಹೊಟ್ಟೆ ಆಪರೇಷನ್‌ಗಳಲ್ಲಿ, ಡ್ರೇಪ್ (ಸ್ಟೆರೈಲ್ ಬಟ್ಟೆ ಹೊದಿಸೋದು) ಆದ ಕೂಡಲೇ ಬಿಸಿಗಾಳಿ ಬ್ಲಾಂಕೆಟ್ 43 ಡಿಗ್ರಿಗಿಟ್ಟು ಶುರು ಮಾಡ್ತೀವಿ. ಆದ್ರೂ ಮೂಗಿನ ಪ್ರೋಬ್ (ಟೆಂಪರೇಚರ್ ಅಳೆಯೋ ತಂತಿ) 36.6ರಿಂದ ಗಂಟೆಯೊಳಗೆ 35.3ಕ್ಕೆ ಬರುತ್ತೆ. ಎಸಿ 19ರಲ್ಲಿರುತ್ತೆ. ಮಿಷನ್ ದೋಷವಾ?

ಅನಸ್ತೇಷಿಯಾ ಡಾಕ್ಟರ್:
ಮಿಷನ್ನಿಗಿಂತ ಮೊದಲು ನೀವು ಶುರು ಮಾಡೋ ಹೊತ್ತನ್ನು ನೋಡಿ. ಇಂಡಕ್ಷನ್ (ಅನಸ್ತೇಷಿಯಾ ಕೊಟ್ಟು ಮಲಗಿಸೋದು) ಆದ ತಕ್ಷಣ ಕೈಕಾಲಿನ ರಕ್ತನಾಳ ಹಿಗ್ಗುತ್ತವೆ, ಎದೆ-ಹೊಟ್ಟೆಯ ಬಿಸಿ ತಣ್ಣಗಿರೋ ಕೈಕಾಲಿಗೆ ಹರಿದು ಹೋಗುತ್ತೆ. ಮೊದಲ ಗಂಟೆಯಲ್ಲಿ 1ರಿಂದ 1.5 ಡಿಗ್ರಿ ಇಳಿಯೋದು ಬಹುಪಾಲು ಇದರಿಂದ್ಲೇ. ಆಮೇಲೆ ಚರ್ಮದ ಮೇಲೆ ಬಿಟ್ಟ ಬಿಸಿ ಒಳಗೆ ಮುಟ್ಟೋಕೆ ತಡವಾಗುತ್ತೆ. ಅದಕ್ಕೇ ಇಂಡಕ್ಷನ್‌ಗೆ 30 ನಿಮಿಷ ಮುಂಚೆಯೇ ಬ್ಲಾಂಕೆಟ್ ಹಾಕಿ, ಪುರುಸೊತ್ತಿಲ್ಲದಿದ್ರೆ 10 ನಿಮಿಷವಾದರೂ. ಪೇಷಂಟ್ ಬೆವರೋಕೆ ಶುರು ಮಾಡಿದ್ರೆ ಸೆಟ್ಟಿಂಗ್ ಇಳಿಸಿ.

ಮೈ ತೆರೆದಿರೋವಾಗ ರೂಮು 21ಕ್ಕಿಂತ ತಣ್ಣಗಿರಬಾರದು. ಸರ್ಜನ್ ಗೊಣಗ್ತಾರೆ, ಗೊಣಗಲಿ. ಬ್ಲಾಂಕೆಟ್ ಕೆಲಸ ಶುರುವಾದ ಮೇಲೆ ಎಸಿ ಇಳಿಸಬಹುದು.

ರಿಕವರಿ ಸಿಸ್ಟರ್:
ಫ್ಲೂಯಿಡ್ ಮರೀಬೇಡಿ. ರೂಮ್ ಟೆಂಪರೇಚರಿನ 1 ಲೀಟರ್ ಸಲೈನ್ ಹೋದ್ರೆ ಸುಮಾರು ಕಾಲು ಡಿಗ್ರಿ ಇಳೀತು ಅಂತ ಲೆಕ್ಕ. ಫ್ರಿಜ್‌ನಿಂದ ತೆಗೆದ ಒಂದು ಯೂನಿಟ್ ರಕ್ತಕ್ಕೂ ಅಷ್ಟೇ. 500 ಎಂಎಲ್ ಮೀರೋದಾದ್ರೆ ವಾರ್ಮರ್ (ಫ್ಲೂಯಿಡ್ ಬಿಸಿ ಮಾಡೋ ಮಿಷನ್) ಮೂಲಕ 37ಕ್ಕೆ ತಂದು ಕೊಡಿ. ವಾರ್ಮರ್‌ನಿಂದ ಕೈವರೆಗೆ ಉದ್ದ ಲೈನ್ ಇದ್ದು ಡ್ರಿಪ್ ನಿಧಾನವಾಗಿದ್ರೆ ದಾರಿಯಲ್ಲೇ ಆರಿಹೋಗುತ್ತೆ.

ಗ್ಲೌಸ್‌ಗೆ ಬಿಸಿನೀರು ತುಂಬಿ ಕಂಕುಳಲ್ಲಿ ಇಡೋದು ಬೇಡವೇ ಬೇಡ. ಬ್ಲಾಂಕೆಟ್ ಇಲ್ಲದೆ ಬರೀ ಹೋಸ್ (ಬಿಸಿಗಾಳಿ ಬರೋ ಪೈಪ್) ತುದಿಯನ್ನು ಬೆಡ್‌ಶೀಟ್ ಕೆಳಗೆ ತೂರಿಸೋದೂ ಅಷ್ಟೇ ಅಪಾಯ: ಬಿಸಿಗಾಳಿಯೆಲ್ಲ ಒಂದೇ ಕಡೆ ಬಡಿದು ಚರ್ಮ ಸುಡುತ್ತೆ, ಪೇಷಂಟ್‌ಗೆ ಹೇಳೋಕಾಗಲ್ಲ. ಟೂರ್ನಿಕೆ (ರಕ್ತ ಹರಿಯದಂತೆ ಬಿಗಿಯೋ ಪಟ್ಟಿ) ಕಟ್ಟಿರೋ ಕಾಲಿಗೂ ಬಿಸಿ ಬಿಡಬೇಡಿ.

ಓಟಿ ಟೆಕ್ನೀಷಿಯನ್:
ಥ್ಯಾಂಕ್ಸ್ ಸರ್, ಸಿಸ್ಟರ್. ಸ್ಪೈನಲ್ ಕೇಸಲ್ಲಿ (ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಭಾಗ ಮರಗಟ್ಟಿಸೋದು) ಪೇಷಂಟ್ ಎಚ್ಚರವಾಗಿರ್ತಾರಲ್ಲ, ಚಳಿ ಅಂದಾಗ ನೋಡಿದ್ರೆ ಸಾಲದಾ?

ಅನಸ್ತೇಷಿಯಾ ಡಾಕ್ಟರ್:
ಸಾಲದು. ಮರಗಟ್ಟಿದ ಕಾಲು ಬೆಚ್ಚಗಿದೆ ಅಂತಲೇ ಮೆದುಳು ನಂಬಿರುತ್ತೆ. 35.5ಕ್ಕೆ ಇಳಿದ್ರೂ "ಆರಾಮಾಗಿದೀನಿ" ಅನ್ನೋರಿದ್ದಾರೆ. ಅಳೆದೇ ನೋಡಿ. ಕಂಕುಳಲ್ಲಿಟ್ಟ ಪ್ರೋಬ್ ಬೇಡ, ಪಕ್ಕದಲ್ಲೇ ಬಿಸಿಗಾಳಿ ಹೋಗ್ತಿದ್ರೆ ಅದು ತೋರಿಸೋದು ಬ್ಲಾಂಕೆಟ್ಟಿನ ಬಿಸಿ. ಜನರಲ್ ಕೇಸಲ್ಲಿ ಮೂಗಿನ ಪ್ರೋಬ್ ಕನಿಷ್ಠ 10 ಸೆಂ.ಮೀ. ಒಳಗಿರಲಿ, ಮೂಗಿನ ಬಾಯಲ್ಲೇ ನಿಂತಿದ್ರೆ ಕಡಿಮೆ ತೋರಿಸುತ್ತೆ. ನಿಮ್ಮ 35.3 ನಿಜವಾ ಅಂತ ಮೊದಲು ಅದನ್ನೇ ಚೆಕ್ ಮಾಡಿ.

ನಿಜವೇ ಆಗಿದ್ರೆ ಉಸಿರಾಟದ ಟ್ಯೂಬ್ ತೆಗೆಯೋ ಆತುರ ಬೇಡ. 2 ಡಿಗ್ರಿ ಇಳಿದ್ರೆ ವೆಕ್ಯುರೋನಿಯಂ (ಸ್ನಾಯು ಸಡಿಲಿಸೋ ಔಷಧಿ) ಕೆಲಸ ಮಾಡೋ ಅವಧಿ ಎರಡು ಪಟ್ಟಿಗಿಂತ ಜಾಸ್ತಿಯಾಗುತ್ತೆ. 36 ದಾಟಲಿ, ನರ್ವ್ ಸ್ಟಿಮ್ಯುಲೇಟರ್ (ಸ್ನಾಯುವಿಗೆ ಶಕ್ತಿ ಮರಳಿದೆಯಾ ಅಂತ ನೋಡೋ ಮಿಷನ್) ಹಚ್ಚಿ ನೋಡಿ, ಆಮೇಲೆ.