ಸೈಮಾಲು-ತಾಷ್ ಬಂಡೆ ಚಿತ್ರ: ಮೇ ತಿಂಗಳಲ್ಲಿ ಆಗುತ್ತಾ?

ಸಾಗರದವ: ಮೇ ರಜೆಗೆ ಕಿರ್ಗಿಸ್ತಾನದ ಸೈಮಾಲು-ತಾಷ್ ನೋಡೋ ಯೋಚನೆ. ಕೊಡಚಾದ್ರಿ ಹತ್ತೋ ಕಾಲಿಗೆ ಕಷ್ಟನಾ? ಫೋಟೋಗೆ ಏನು ಬೇಕು?

ತುಂಗಾತೀರ: ಮೇ ಬೇಡ ಮಾರಾಯ್ರೆ, ಬಂಡೆಗಳೆಲ್ಲ ಹಿಮದಡಿ. ಆಗಸ್ಟ್ ಸರಿ. ಕೊಡಚಾದ್ರಿ 1343 ಮೀಟರ್, ಸೈಮಾಲು-ತಾಷ್ 3000 ದಾಟುತ್ತೆ. ಕಷ್ಟ ಕಾಲಿಗಲ್ಲ, ಉಸಿರಿಗೆ. ನಡುವೆ ಒಂದು ರಾತ್ರಿ ತಂಗಿ. ತಲೆನೋವು, ವಾಂತಿ ಜೋರಾದ್ರೆ ಕೆಳಗಿಳೀರಿ.

ಕಲ್ಲುಹುಚ್ಚ: ಅವು ಬಣ್ಣದ ಚಿತ್ರ ಅಲ್ಲ, ಬಂಡೆಯ ಕಪ್ಪು ಪದರ ಕುಟ್ಟಿ ತೆಗೆದದ್ದು. ನಡುಮಧ್ಯಾಹ್ನ ನೆರಳೇ ಬೀಳಲ್ಲ, ಜೋಡೆತ್ತಿನ ಉಳುಮೆಯ ಚಿತ್ರವೂ ಬರೀ ಮಚ್ಚೆ ಥರ ಕಾಣುತ್ತೆ. ಬೆಳಗ್ಗೆ, ಸಂಜೆ ಓರೆ ಬಿಸಿಲಲ್ಲಿ ತೆಗೀರಿ. ಸೀಮೆಸುಣ್ಣ ಬಳಿಯೋದು, ನೀರು ಹಾಕೋದು ಖಂಡಿತ ಬೇಡ.

ತುಂಗಾತೀರ: ಮೇನಲ್ಲೇ ಹೋಗ್ಬೇಕಂದ್ರೆ ಕಜಕಿಸ್ತಾನದ ತಮ್ಗಾಲಿ ನೋಡಿ. ಅಲ್ಮಾಟಿಯಿಂದ ಸುಮಾರು 170 ಕಿ.ಮೀ., ಸುಮಾರು 5000 ಚಿತ್ರ, 2004ರಿಂದ ವಿಶ್ವ ಪರಂಪರೆ ತಾಣ. ಕುಡಿಯೋ ನೀರು ಒಯ್ಯಿರಿ.