ಏಳು-ಎಂಟನೇ ತರಗತಿಯ ಮಕ್ಕಳಿಗೆ ವ್ಯಸನ ತಡೆ ಪಾಠ: ಉಪಯೋಗವಾಯಿತೇ ಎಂದು ತಿಳಿಯುವುದು ಹೇಗೆ? ಮಾಡಿ ನೋಡಿದವರು ಹೇಳಿ

ಕೇಳಿದವರು: ಹಿರಿಯೂರು ಕಡೆಯ ಶಿಕ್ಷಕಿ

ನಮ್ಮದು ಸರ್ಕಾರಿ ಶಾಲೆ. ಏಳು ಮತ್ತು ಎಂಟನೇ ತರಗತಿ ಸೇರಿ 186 ಮಕ್ಕಳು. ಹಳೆಯ ವಿದ್ಯಾರ್ಥಿಯೊಬ್ಬರು ಈ ಕೆಲಸಕ್ಕೆಂದೇ 40,000 ರೂಪಾಯಿ ಕೊಟ್ಟಿದ್ದಾರೆ. ಹೊರಗಿನವರನ್ನು ಕರೆಸಿ ಒಂದು ದಿನದ ಜಾಗೃತಿ ಕಾರ್ಯಕ್ರಮ ಮಾಡಿಸುವುದೋ, ವಾರಕ್ಕೆ ಒಂದು ಅವಧಿಯಂತೆ ಹನ್ನೆರಡು ವಾರ ನಾವೇ ಪಾಠ ಮಾಡುವುದೋ ತಿಳಿಯುತ್ತಿಲ್ಲ. ವರ್ಷದ ಕೊನೆಗೆ "ಏನು ಬದಲಾಯಿತು ಮೇಡಂ" ಎಂದು ಅವರು ಕೇಳಿಯೇ ಕೇಳುತ್ತಾರೆ. ನಾನು ಏನನ್ನು ಅಳೆಯಲಿ?

ಮಂಡ್ಯ ಜಿಲ್ಲೆಯ ವಿಜ್ಞಾನ ಶಿಕ್ಷಕ

ಮೇಡಂ, ಮಾದಕ ವಸ್ತು ವಿರೋಧಿ ದಿನವಾದ ಜೂನ್ 26ರಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈ ಮುಂದೆ ಚಾಚಿಸಿ, ಪ್ರತಿಜ್ಞೆ ಮಾಡಿಸಿ, ಫೋಟೊ ಕಳುಹಿಸುವ ಕೆಲಸವನ್ನು ನಾನು ನಾಲ್ಕು ವರ್ಷ ಮಾಡಿದ್ದೇನೆ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಐದನೇ ವರ್ಷ ಪ್ರಶ್ನೆಪತ್ರಿಕೆ ಮಾಡಿದೆ. "ನೀನು ಎಂದಾದರೂ ಮಾದಕ ವಸ್ತು ಬಳಸಿದ್ದೀಯಾ?" 112 ಮಕ್ಕಳಲ್ಲಿ 112 ಮಕ್ಕಳೂ "ಇಲ್ಲ". ಅದೇ ಮಧ್ಯಾಹ್ನ, ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಒಬ್ಬ ಹುಡುಗನ ಜೇಬಿನಿಂದ ಕಡ್ಡಿಪುಡಿಯ ಪೊಟ್ಟಣ ಬಿತ್ತು. ಕೇಳಿದರೆ, "ಇದು ಮಾದಕ ವಸ್ತು ಅಲ್ಲ ಸರ್, ನಮ್ಮಜ್ಜಿ ಹಾಕಿಕೊಳ್ಳುವುದು" ಎಂದ. ಅವನು ಸುಳ್ಳು ಹೇಳಿರಲಿಲ್ಲ. ನಾನು ಪ್ರಶ್ನೆಯನ್ನೇ ತಪ್ಪಾಗಿ ಕೇಳಿದ್ದೆ.

ಮರುವರ್ಷ ಒಂದೊಂದರ ಹೆಸರನ್ನೂ ಬರೆದೆ: ಬೀಡಿ, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಬಿಯರು, ಮೂಸುವ ವೈಟ್ನರ್, ಪಂಕ್ಚರ್ ಸಲ್ಯೂಷನ್. ನಡುವೆ ಲೋಕದಲ್ಲಿಯೇ ಇಲ್ಲದ ಒಂದು ಹೆಸರನ್ನೂ ಸೇರಿಸಿದೆ. ಅದನ್ನೂ ತೆಗೆದುಕೊಂಡಿದ್ದೇನೆ ಎಂದು ನಾಲ್ವರು ಗುರುತು ಹಾಕಿದ್ದರು; ಆ ಹಾಳೆಗಳನ್ನು ಬದಿಗಿಟ್ಟೆ. ಹೆಸರಿನ ಬದಲು ಗುರುತು: ತಾಯಿಯ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾರೀಖು, ಒಡಹುಟ್ಟಿದವರ ಸಂಖ್ಯೆ. ಪಾಠ ಮಾಡಿ, ಆರು ತಿಂಗಳ ಮೇಲೆ ಎರಡನೇ ಸಲ ಬರೆಸಿದಾಗ 98 ಮಕ್ಕಳು ಬರೆದರು, ಮೊದಲ ಸಲದ ಹಾಳೆಗೆ ಹೊಂದಿಕೆಯಾದದ್ದು 67 ಹಾಳೆ ಮಾತ್ರ. ಏಕೆಂದರೆ ಹಲವು ಮಕ್ಕಳಿಗೆ ಎರಡು ಹುಟ್ಟಿದ ದಿನಗಳಿವೆ, ಮನೆಯಲ್ಲಿ ಹೇಳುವುದೊಂದು, ದಾಖಲಾತಿಯಲ್ಲಿ ಬರೆಸಿದ್ದು ಇನ್ನೊಂದು! ಇದು ನನಗೆ ಹೊಳೆದೇ ಇರಲಿಲ್ಲ.

ಖರ್ಚು ಕೇಳಿ. ನಾಲ್ಕು ಪುಟ, ಪುಟಕ್ಕೆ ಎರಡು ರೂಪಾಯಿ, 112 ಮಕ್ಕಳಿಗೆ 896. ಎರಡು ಸಲಕ್ಕೆ 1,792. ಬರೆದ ಹಾಳೆ ಹಾಕಲು ಬೀಗವಿರುವ ತಗಡಿನ ಪೆಟ್ಟಿಗೆಗೆ 450. ಒಟ್ಟು 2,242 ರೂಪಾಯಿ, ಎಲ್ಲವೂ ನನ್ನ ಜೇಬಿನದು. ಎರಡನೇ ಸಲ ಗೈರಾಗಿದ್ದ 14 ಮಕ್ಕಳನ್ನು ಲೆಕ್ಕದಿಂದ ಬಿಟ್ಟೆ. ಆದರೂ ಬಳಕೆ ಕಡಿಮೆಯಾದದ್ದು ಸ್ಪಷ್ಟವಾಗಿ ಕಂಡಿತು.

ಮಂಗಳೂರಿನ ಒಬ್ಬ ತಾಯಿ

ನಮ್ಮದು ಖಾಸಗಿ ಶಾಲೆ. ಮಗುವಿಗೆ 1,800 ರೂಪಾಯಿಯಂತೆ ವಸೂಲು ಮಾಡಿ ಮೂರು ತರಗತಿ, ಒಂದು ಬಣ್ಣದ ಪುಸ್ತಕ, ಒಂದು ಬ್ಯಾಡ್ಜ್ ಕೊಟ್ಟರು. ಕೊನೆಗೆ ಪೋಷಕರ ಸಭೆಯಲ್ಲಿ ವರದಿ ಓದಿದರು: ಮಕ್ಕಳ ಅರಿವು ಹೆಚ್ಚಾಗಿದೆ. ಪಾಠ ಮಾಡಿದವರೇ ಪ್ರಶ್ನೆ ಕೇಳಿ, ಅವರೇ ಅಂಕ ಕೊಟ್ಟು, ಅವರೇ ವರದಿ ಬರೆದದ್ದು. ನಾನು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ್ದೇನೆ.

ಮೂರು ತಿಂಗಳ ನಂತರ ನನ್ನ ಮಗನ ಬ್ಯಾಗಿನಲ್ಲಿ ಪೆನ್‌ಡ್ರೈವ್‌ನಂತೆ ಕಾಣುವ ಇ-ಸಿಗರೇಟು ಸಿಕ್ಕಿತು. ದೇಶದಲ್ಲಿ 2019ರಲ್ಲಿಯೇ ನಿಷೇಧವಾದ ವಸ್ತು. ಆ ಬಣ್ಣದ ಪುಸ್ತಕದಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಪ್ಪಾದ ಶ್ವಾಸಕೋಶದ ಚಿತ್ರ ಮಾತ್ರ ನಾಲ್ಕು ಪುಟ ತುಂಬಿತ್ತು. ಮರುದಿನವೇ ಶಾಲೆಯವರು ವರ್ಗಾವಣೆ ಪತ್ರ ತೆಗೆದುಕೊಳ್ಳಿ ಎಂದರು. ನವೆಂಬರಿನಲ್ಲಿ! ಹೊಸ ಶಾಲೆಯ ಪ್ರವೇಶಕ್ಕೆ 35,000, ಸಮವಸ್ತ್ರಕ್ಕೆ 4,200, ಸಮಾಲೋಚಕರಿಗೆ ಒಂಬತ್ತು ಭೇಟಿಗೆ 10,800. ಹಳೆಯ ಶಾಲೆ ಶುಲ್ಕದಲ್ಲಿ ಒಂದು ರೂಪಾಯಿಯನ್ನೂ ಹಿಂತಿರುಗಿಸಲಿಲ್ಲ.

ಸಿಕ್ಕಿಬಿದ್ದ ಮಗುವನ್ನು ಹೊರಗೆ ಹಾಕುವ ಶಾಲೆಯಲ್ಲಿ ಯಾವ ಮಗುವೂ ಹಾಳೆಯ ಮೇಲೆ ನಿಜ ಬರೆಯುವುದಿಲ್ಲ. ಮೊದಲು ಆ ನಿಯಮ ಏನಿದೆ ನೋಡಿ, ಆಮೇಲೆ ಪ್ರಶ್ನೆಪತ್ರಿಕೆ ಮಾಡಿ.

ದೈಹಿಕ ಶಿಕ್ಷಣ ಶಿಕ್ಷಕ, ಹುನಗುಂದ ತಾಲ್ಲೂಕು

ಮಂಡ್ಯದ ಗುರುಗಳು ಪ್ರತಿಜ್ಞೆಯನ್ನು ಕಾಲಕಸ ಮಾಡಿದ್ದು ನನಗೆ ನೋವು ತಂದಿದೆ. ನಮ್ಮಜ್ಜ, ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡುತ್ತಿದ್ದ ಇಳಕಲ್ಲಿನ ಮಹಾಂತ ಶ್ರೀಗಳ ಜೋಳಿಗೆಗೆ ತಮ್ಮ ಸೆರೆಯ ಚಟವನ್ನು ಹಾಕಿ ಬಂದವರು. ಸಾಯುವವರೆಗೂ ಮತ್ತೆ ಮುಟ್ಟಲಿಲ್ಲ. ಆ ಶ್ರೀಗಳ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರವೇ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಕೊಟ್ಟ ಮಾತಿಗೆ ತೂಕವಿಲ್ಲವೇ?

ನಾನು ಮಾಡಿದ್ದು ಹೇಳುತ್ತೇನೆ. ಶಾಲೆಯ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ ನಿಯಮವಿತ್ತಲ್ಲ, ಟೇಪು ಹಿಡಿದು ಗೇಟಿನಿಂದ ನೂರು ಗಜ ಅಳೆದು ಹಳದಿ ಗೆರೆ ಬಳಿದೆ. ಬಣ್ಣಕ್ಕೆ 680, ಬ್ರಷ್ಷಿಗೆ 90. ಮಳೆಗೆ ಹೋಯಿತು, ಮತ್ತೆ 680. ಒಳಗಿದ್ದ ಎರಡು ಅಂಗಡಿಗಳಲ್ಲಿ ಒಂದು ಮುಚ್ಚಿತು, ಇನ್ನೊಂದು ಗೆರೆಯಿಂದ ಹತ್ತು ಹೆಜ್ಜೆ ಆಚೆಗೆ ಹೋಯಿತು. ಅಧಿಕಾರಿಗಳು ಬಂದು 200 ರೂಪಾಯಿ ದಂಡ ಹಾಕಿ ಹೋದರು. ಅಂಗಡಿಯವನು ಅದನ್ನು ಒಂದು ಮಧ್ಯಾಹ್ನದಲ್ಲಿ ದುಡಿದುಕೊಂಡ. ಆಮೇಲೆ ನಾನು ಸಂಜೆ ಐದರಿಂದ ಆರೂವರೆಯವರೆಗೆ ಕಬಡ್ಡಿ ಶುರು ಮಾಡಿದೆ. ಅಂಗಡಿಯ ಮುಂದೆ ನಿಲ್ಲುತ್ತಿದ್ದ ಹುಡುಗರೇ ಅಂಕಣದಲ್ಲಿ ನಿಂತರು. ಇದನ್ನು ಯಾವ ಹಾಳೆಯಲ್ಲಿ ಅಳೆಯುತ್ತೀರಿ?

ಮಂಡ್ಯದ ಶಿಕ್ಷಕ

ಸರ್, ನಿಮ್ಮ ಅಜ್ಜನವರಿಗೆ ನನ್ನ ನಮಸ್ಕಾರ. ಅವರು ಕುಡಿತದ ಕಷ್ಟ ಉಂಡು, ತಾವಾಗಿಯೇ ಮಠಕ್ಕೆ ನಡೆದುಹೋದ ಹಿರಿಯರು. ಹನ್ನೆರಡು ವರ್ಷದ ಮಗು, ಇನ್ನೂ ಶುರುವೇ ಮಾಡದ ಚಟವನ್ನು ಬಿಡುತ್ತೇನೆ ಎಂದು ಬಿಸಿಲಿನಲ್ಲಿ ಕೂಗುವುದು ಬೇರೆ.

ಶಾಲಾ ಸಮಾಲೋಚಕಿ, ಧಾರವಾಡ

ಇಲ್ಲಿ ಎಲ್ಲರೂ ತಮ್ಮ ಶಾಲೆಯೊಂದನ್ನೇ ನೋಡಿ ತೀರ್ಪು ಕೊಡುತ್ತಿದ್ದೀರಿ. ಅಮೆರಿಕದಲ್ಲಿ 1983ರಲ್ಲಿ ಲಾಸ್ ಏಂಜಲೀಸ್‌ನಿಂದ ಶುರುವಾದ ಡೇರ್ ಕಾರ್ಯಕ್ರಮದಲ್ಲಿ ಪೊಲೀಸರೇ ತರಗತಿಗೆ ಬಂದು ಪಾಠ ಮಾಡುತ್ತಿದ್ದರು. ಪೋಷಕರು ಮೆಚ್ಚಿದರು, ಊರೂರಿಗೆ ಹರಡಿತು. ಪಾಠ ಕೇಳಿದ ಮತ್ತು ಕೇಳದ ಮಕ್ಕಳನ್ನು ಹೋಲಿಸಿದಾಗ ಬಳಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. ಯುರೋಪಿನಲ್ಲಿ ಫಲ ಕೊಟ್ಟ ಅನ್‌ಪ್ಲಗ್ಡ್ ಎಂಬ ಹನ್ನೆರಡು ಅವಧಿಯ ಪಾಠವನ್ನು ಬ್ರೆಜಿಲ್‌ಗೆ ಒಗ್ಗಿಸಿ 72 ಶಾಲೆಗಳಲ್ಲಿ ಪರೀಕ್ಷಿಸಿದರು. ಪಾಠ ಕೇಳಿದ ಮಕ್ಕಳಲ್ಲಿಯೇ ಮದ್ಯದ ರುಚಿ ನೋಡಿದವರು ಹೆಚ್ಚಾದರು. ಹೋಲಿಕೆಯ ಶಾಲೆ ಇಲ್ಲದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಮಂಡ್ಯದವರ "ಸ್ಪಷ್ಟವಾಗಿ ಕಂಡಿತು" ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ. ಪಕ್ಕದ ಊರಿನ, ಪಾಠವಿಲ್ಲದ ಶಾಲೆಯಲ್ಲಿ ಅದೇ ಆರು ತಿಂಗಳಲ್ಲಿ ಏನಾಯಿತು?

ಇನ್ನೊಂದು ಮಾತು. ಬಿಹಾರದ ನಳಂದಾ ಜಿಲ್ಲೆಯ 74 ಶಾಲೆಗಳಲ್ಲಿ ನಡೆದ ಸೆಹೆರ್ ಎಂಬ ಶಾಲಾ ಆರೋಗ್ಯ ಪ್ರಯೋಗದಲ್ಲಿ, ಅದಕ್ಕೆಂದೇ ನೇಮಿಸಿದ ಸ್ಥಳೀಯ ಸಮಾಲೋಚಕರಿದ್ದ ಕಡೆ ಶಾಲೆಯ ವಾತಾವರಣ, ಮಕ್ಕಳ ಖಿನ್ನತೆ, ಪೀಡನೆ ಎಲ್ಲವೂ ಸುಧಾರಿಸಿದವು. ಅದೇ ಕೆಲಸವನ್ನು ಶಿಕ್ಷಕರಿಗೆ ವಹಿಸಿದ ಕಡೆ ಏನೂ ಆಗಲಿಲ್ಲ. ನಾನು ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ ಐದು ಶಾಲೆ ಸುತ್ತುತ್ತೇನೆ. ಬಸ್ಸಿಗೇ ತಿಂಗಳಿಗೆ 2,600 ಹೋಗುತ್ತಿತ್ತು. ಮಕ್ಕಳು ನನ್ನ ಬಳಿ ಹೇಳುವುದನ್ನು ಶಿಕ್ಷಕರ ಬಳಿ ಹೇಳುವುದಿಲ್ಲ, ಅಷ್ಟೇ.

ಮಂಡ್ಯದ ಶಿಕ್ಷಕ

ಶಿಕ್ಷಕರಿಂದ ಏನೂ ಆಗುವುದಿಲ್ಲ ಎಂದು ಬರೆಯುವಾಗ ಕೈ ನಡುಗಲಿಲ್ಲವೇ ಮೇಡಂ? ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಗಣತಿ, ಚುನಾವಣೆ, ಎಸ್‌ಎಸ್‌ಎಲ್‌ಸಿ ವಿಶೇಷ ತರಗತಿ ಮುಗಿಸಿ ಉಳಿದ ಅವಧಿಯಲ್ಲಿ ಇದನ್ನು ಮಾಡುತ್ತೇವೆ. ನೀವೇ ಓದಿದವರು, ಮೈತ್ರಿ ಎಂಬ ತಂಬಾಕು ತಡೆ ಪ್ರಯೋಗವನ್ನು ಏಕೆ ಬಿಟ್ಟಿರಿ? ದೆಹಲಿ ಮತ್ತು ಚೆನ್ನೈನ 32 ಶಾಲೆ, ಆರು ಮತ್ತು ಎಂಟನೇ ತರಗತಿ, ಎರಡು ವರ್ಷ. ಪಾಠ ನಡೆಸಿದ್ದು ತರಬೇತಿ ಪಡೆದ ಶಿಕ್ಷಕರು ಮತ್ತು ಮಕ್ಕಳೇ ಆರಿಸಿದ ಮಕ್ಕಳು. ಪಾಠವಿಲ್ಲದ ಶಾಲೆಗಳಲ್ಲಿ ತಂಬಾಕು ಏರಿತು, ಇವರಲ್ಲಿ ಇಳಿಯಿತು.

ಧಾರವಾಡದ ಸಮಾಲೋಚಕಿ

ಮೈತ್ರಿಯನ್ನು ನಾನು ಮರೆತಿಲ್ಲ. ಅಲ್ಲಿ ಎರಡು ವರ್ಷ ಬಿಡದೆ ನಡೆಸಿದರು, ಶಿಕ್ಷಕರಿಗೆ ತರಬೇತಿ ಕೊಟ್ಟರು, ಹೋಲಿಕೆಯ ಶಾಲೆಗಳಿದ್ದವು. ನಿಮಗೆ ಅದರಲ್ಲಿ ಯಾವುದನ್ನು ಕೊಟ್ಟಿದ್ದಾರೆ? ನನ್ನ ಸಿಟ್ಟು ನಿಮ್ಮ ಮೇಲಲ್ಲ ಸರ್. ಆದರೆ ಅಳತೆ ತಪ್ಪಿದ್ದನ್ನು ತಪ್ಪು ಎಂದೇ ಹೇಳುತ್ತೇನೆ.

ದಾವಣಗೆರೆ ಕಡೆಯವನು, ನಮ್ಮ ತಂದೆಯದು ಬೀಡಾ ಅಂಗಡಿ

ಎಲ್ಲರೂ ಅಂಗಡಿಯವರನ್ನು ಬೈಯುತ್ತಿದ್ದೀರಿ. "ಅಪ್ಪ ತರಲು ಹೇಳಿದ್ದಾರೆ" ಎಂದು ಹತ್ತು ವರ್ಷದ ಮಗು ಹಣ ಹಿಡಿದು ನಿಂತರೆ ನಮ್ಮ ತಂದೆ ವಾಪಸ್ಸು ಕಳುಹಿಸುತ್ತಾರೆ. ಐದು ನಿಮಿಷದಲ್ಲಿ ಆ ಅಪ್ಪ ಬಂದು ಜಗಳಕ್ಕೆ ನಿಲ್ಲುತ್ತಾನೆ. ಒಮ್ಮೆ ಗಾಜಿನ ಭರಣಿ ಒಡೆದು ಹೋದ, 340 ರೂಪಾಯಿ ನಷ್ಟ. ತಂಬಾಕು ಕಾಯ್ದೆಗೆ ರಾಜ್ಯ ತಂದ ಹೊಸ ತಿದ್ದುಪಡಿಯಲ್ಲಿ ಕೊಳ್ಳುವವರ ವಯಸ್ಸು 21, ದಂಡ ಸಾವಿರ ರೂಪಾಯಿ, ಬಿಡಿ ಸಿಗರೇಟು ಮಾರುವಂತಿಲ್ಲ. ಮಗುವನ್ನು ಕಳುಹಿಸಿದ ತಂದೆಯ ಬಳಿ ದಂಡ ಕೇಳುವವರು ಯಾರಾದರೂ ಬಂದಿದ್ದಾರೆಯೇ?

ಹುನಗುಂದದ ಶಿಕ್ಷಕ

ನಿಮ್ಮ ತಂದೆ ಒಳ್ಳೆಯವರಿರಬಹುದು. ನಮ್ಮ ಗೆರೆಯಾಚೆಯವನು, ಮಕ್ಕಳಿಗೆ ತಂಬಾಕು ಕೊಟ್ಟರೆ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ ಎಂದರೂ ನಕ್ಕವನು.

ದಾವಣಗೆರೆ ಕಡೆಯವನು

ಹಾಗಿದ್ದರೆ ಅವನ ಮೇಲೆ ದೂರು ಕೊಡಿ. ಎಲ್ಲ ಅಂಗಡಿಗಳನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಹಿರಿಯೂರಿನ ಶಿಕ್ಷಕಿ

ದಯವಿಟ್ಟು ಜಗಳ ಬೇಡ. ಪಕ್ಕದ ಹೋಬಳಿಯ ಶಾಲೆಯಲ್ಲಿಯೂ ಅದೇ ಹಾಳೆಯನ್ನು ಬರೆಸುವ ಬಗ್ಗೆ ಅಲ್ಲಿನ ಮುಖ್ಯ ಶಿಕ್ಷಕರನ್ನು ಕೇಳುತ್ತೇನೆ. ಒಂದು ಸಂದೇಹ ಉಳಿದಿದೆ: ಎರಡನೇ ಸಲ ಗೈರಾದ ಮಕ್ಕಳನ್ನು ಬಿಡುವುದು ಸರಿಯೇ?

ಮಂಗಳೂರಿನ ತಾಯಿ

ನಮ್ಮ ಶಾಲೆಯವರು ಕೊನೆಯ ಪರೀಕ್ಷೆ ನಡೆಸಿದ ದಿನ ನನ್ನ ಮಗ ತರಗತಿಯಲ್ಲಿ ಇರಲಿಲ್ಲ. ಹೊಟ್ಟೆನೋವು ಎಂದು ಮನೆಯಲ್ಲಿದ್ದ. ಅವರು ಓದಿದ ವರದಿಯಲ್ಲಿ ಅವನು ಇರಲೇ ಇಲ್ಲ.

ಧಾರವಾಡದ ಸಮಾಲೋಚಕಿ

ಬಿಡಬಾರದು ಮೇಡಂ. ಮೊದಲ ಸಲ ಅವರು ಏನು ಬರೆದಿದ್ದರು ಎಂದು ನೋಡಿ, ಉಳಿದವರ ಜೊತೆ ಹೋಲಿಸಿ. ಜೊತೆಗೆ, ಎರಡನೇ ಸುತ್ತಿನ ನಂತರವೂ ಎರಡು ವಾರ ಪೆಟ್ಟಿಗೆಯನ್ನು ಇಟ್ಟಿರಿ, ಶಾಲೆಗೆ ಬಂದ ದಿನ ಬರೆಯಲಿ. ಬಾರದವರ ಮನೆಗೆ ಹೋಗಿ.

ಮಂಡ್ಯದ ಶಿಕ್ಷಕ

ಈ ಮಾತು ಓದಿ ಸಂಜೆ ಶಾಲೆಗೆ ಹೋಗಿ ಹಳೆಯ ಹಾಜರಿ ಪುಸ್ತಕ ತೆಗೆದೆ. ಆ ದಿನ ಗೈರಾಗಿದ್ದ ಹದಿನಾಲ್ಕು ಹೆಸರುಗಳನ್ನೂ ಬರೆದುಕೊಂಡೆ. ಒಂಬತ್ತು ಮಕ್ಕಳು ಈಗ ಯಾವ ಶಾಲೆಯಲ್ಲಿಯೂ ಇಲ್ಲ.